ವಾಪಸಾಗದ ನಾಲ್ಕು ಡಬ್ಬಿ

ಕೋವಿಡ್ ಕಾಲದ ಬಾಕಿ ಇನ್ನೂ ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತಲೇ ಇದೆ. ಕಾಯಿಲೆಯ ಬಾಕಿಯಲ್ಲ, ಅಕ್ಕಪಕ್ಕದವರ ಬಾಕಿ. ಅಂಥ ಐದಾರು ಪ್ರಕರಣ ನೋಡಿದ ಮೇಲೆ ಒಂದನ್ನಾದರೂ ಬರೆದಿಡೋಣ ಅನಿಸಿತು. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ. ಡಬ್ಬಿಗಳ ಲೆಕ್ಕ ಮಾತ್ರ ಇದ್ದಹಾಗೇ ಇದೆ.

ಅವರಿಗೆ 63. ಕೆಲಸದಿಂದ ನಿವೃತ್ತಿಯಾಗಿದೆ, ಗಂಡ ಇಲ್ಲ, ಮಗ ಪುಣೆಯಲ್ಲಿ. ಬೆಂಗಳೂರಿನ ಹಳೇ ಬಡಾವಣೆಯಲ್ಲಿ ಮಹಡಿಗೆ ಎರಡೇ ಮನೆಯಿರುವ ಕಟ್ಟಡ. ಬಚ್ಚಲಲ್ಲಿ ಜಾರಿ, ಬಲಗೈ ಊರಿ ಬಿದ್ದು, ಮಣಿಕಟ್ಟು ಮುರಿದಿತ್ತು. ಆ ವಯಸ್ಸಿನ ಹೆಂಗಸರಲ್ಲಿ ಇದು ತೀರಾ ಸಾಮಾನ್ಯ. ಮುಟ್ಟು ನಿಂತ ಮೇಲೆ ಮೂಳೆ ಸವೆದಿರುತ್ತದೆ, ಬೀಳುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಆರು ವಾರ ಪ್ಲಾಸ್ಟರ್ ಎಂದಿದ್ದರು. ಮಗ ಒಂದು ವಾರ ಇದ್ದು ಹೋದ. ಅಮ್ಮ ಊಟ ಬಿಟ್ಟಿದ್ದಾರೆ, ಫೋನಿನಲ್ಲಿ ಅಳುತ್ತಾರೆ ಎಂದು ಅವನೇ ನನ್ನಲ್ಲಿಗೆ ಕಳಿಸಿದ.

ಮೊದಲ ದಿನ ಕೈಯದೇ ಮಾತು. ಸೀರೆ ನೆರಿಗೆ ಹಿಡಿಯಲಾಗದೆ ನೈಟಿಯಲ್ಲೇ ದಿನ ಕಳೆಯುವುದು, ಕುಕ್ಕರ್ ಮುಚ್ಚಳ ಬಿಗಿದುಕೊಂಡು ಒಳಗಿನ ಅನ್ನ ಒಳಗೇ ಉಳಿದದ್ದು. ಅಕ್ಕಪಕ್ಕ ಯಾರೂ ಇಲ್ಲವೇ ಎಂದು ಕೇಳಿದೆ.

“ಎದುರು ಮನೆಯವಳು ತಿಳಿಸಾರು, ಪಲ್ಯ ತಂದುಕೊಡ್ತಿದ್ಲು. ಈಗ ಬೆಲ್ ಮಾಡಿದ್ರೂ ನಾನು ಬಾಗಿಲು ತೆಗೆಯಲ್ಲ. ಅವಳ ನಾಲ್ಕು ಡಬ್ಬಿ ನನ್ನ ಹತ್ರ ಇವೆ.”

ನನಗೆ ಅರ್ಥವಾಯಿತು ಅಂದುಕೊಂಡೆ. ಅಡುಗೆ ಕೊಟ್ಟವರ ಡಬ್ಬಿಯನ್ನು ಖಾಲಿ ವಾಪಸ್ ಮಾಡಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಬೇಕು ಎಂದು ನನ್ನಮ್ಮನೂ ಹೇಳುತ್ತಿದ್ದರು. ಕೈ ಮುರಿದವರಿಗೆ ಆ ಶಾಸ್ತ್ರ ಯಾಕೆ, ಸಕ್ಕರೆ ಹಾಕಿ ಕೊಟ್ಟುಬಿಡಿ ಎಂದೆ. ತೆಗೆದುಕೊಳ್ಳುವುದಕ್ಕೂ ದೊಡ್ಡ ಮನಸ್ಸು ಬೇಕು ಅಂತ ಒಂದು ಸಣ್ಣ ಭಾಷಣವನ್ನೂ ಬಿಗಿದೆ. ಅವರು ಹೂಂ ಹೂಂ ಎಂದು ಹೋದರು.

ಮುಂದಿನ ವಾರ ಬಟ್ಟೆಯ ಚೀಲವೊಂದನ್ನು ಎಡಗೈಯಲ್ಲಿ ನೇತುಹಾಕಿಕೊಂಡು ಬಂದರು. ಒಳಗಿನಿಂದ ಡಬ್ಬಿಗಳನ್ನು ಒಂದೊಂದಾಗಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಎರಡು ಸ್ಟೀಲಿನವು, ಒಂದು ಹಳದಿ ಮುಚ್ಚಳದ ಪ್ಲಾಸ್ಟಿಕ್‌ದು, ಒಂದಕ್ಕೆ ಮುಚ್ಚಳವೇ ಇಲ್ಲ. ಎಲ್ಲವೂ ಫಳಫಳ. ಒಂದೇ ಕೈಯಲ್ಲಿ ಅಷ್ಟು ಚೆನ್ನಾಗಿ ತಿಕ್ಕಬೇಕಾದರೆ ಎಷ್ಟು ಹೊತ್ತು ಹಿಡಿದಿರಬೇಕು!

ಆಮೇಲೆ 2020ರ ವಿಷಯ ತೆಗೆದರು. ಎದುರು ಮನೆಯಾಕೆಯ ಗಂಡನಿಗೆ ಪಾಸಿಟಿವ್ ಬಂದು ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ್ದರು. ಒಳಗೆ ಚಿಕ್ಕ ಮಗು. ಹಾಲಿನ ಹುಡುಗ ಆ ಮಹಡಿಗೆ ಹತ್ತುವುದನ್ನೇ ಬಿಟ್ಟ. ಇವರ ಮನೆಯಲ್ಲಿ ಹಾಲಿತ್ತು, ಕೊಡಲಿಲ್ಲ. ಸಾಲದ್ದಕ್ಕೆ ಮೆಟ್ಟಿಲ ಬಳಿ ನಿಂತು ಕೆಳಗಿನ ಮನೆಯವರಿಗೆ, “ಇವರನ್ನ ಎಲ್ಲಾದರೂ ಸಾಗಿಸಬಾರದಾ” ಅಂದಿದ್ದರು.

ಡಬ್ಬಿಗಳನ್ನೇ ನೋಡುತ್ತಾ ಕೇಳಿದರು: “ಇದಕ್ಕೆ ಎಷ್ಟು ಚಮಚ ಸಕ್ಕರೆ ಹಾಕಲಿ ಮೇಡಂ, ನೀವೇ ಹೇಳಿ.”

ಹಿಂದಿನ ವಾರದ ನನ್ನ ಭಾಷಣ ನೆನಪಾಗಿ ನಾಚಿಕೆಯಾಯಿತು. “ಆಗ ಎಲ್ಲರಿಗೂ ಭಯವಿತ್ತು” ಎನ್ನಬಹುದಿತ್ತು, ಅದು ನಿಜವೂ ಹೌದು. ಹೇಳಲಿಲ್ಲ. ಅದನ್ನು ಅವರು ಆಗಲೇ ಸಾವಿರ ಸಲ ತಮಗೆ ತಾವೇ ಹೇಳಿಕೊಂಡಿದ್ದರು.

ನಾನು ಹೇಳಿದ್ದು ಇಷ್ಟು. ಖಾಲಿ ಡಬ್ಬಿಗಳನ್ನೇ ತೆಗೆದುಕೊಂಡು ಹೋಗಿ. ಪ್ಲಾಸ್ಟರ್ ಬಿಚ್ಚಲಿ, ಹೋಳಿಗೆ ಮಾಡಿಕೊಂಡು ಹೋಗುತ್ತೇನೆ ಅಂತ ಕಾಯಬೇಡಿ, ಅದು ಲೆಕ್ಕ ಚುಕ್ತಾ ಮಾಡಿದಂತೆ. ಹಾಲಿನ ವಿಷಯ ಒಂದೇ ವಾಕ್ಯದಲ್ಲಿ ಹೇಳಿ, ಅಳಬೇಡಿ. ನೀವು ಅತ್ತರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೇ ಬರುತ್ತದೆ. ಕೊನೆಗೆ ನಿಮ್ಮ ಮನೆಯ ಇನ್ನೊಂದು ಬೀಗದಕೈ ಅವಳ ಹತ್ತಿರ ಇರಲಿ ಎಂದು ಕೇಳಿ.

ಈ ಬೀಗದಕೈ ಮಾತಿಗೆ ನನ್ನ ಸಹೋದ್ಯೋಗಿಯ ತಕರಾರಿತ್ತು. ಯಾವತ್ತೋ ನೋವುಂಡವಳ ಮೇಲೆ ಹೊಸ ಜವಾಬ್ದಾರಿ ಹೊರಿಸುವುದು ಸರಿಯೇ? ಹಿರಿಯರ ಸಹಾಯವಾಣಿ 14567 ಕೊಟ್ಟರೆ ಸಾಲದೇ? ಸಂಖ್ಯೆ ಕೊಟ್ಟೆ, 108 ಅನ್ನೂ ಫೋನಿಗೆ ಹಾಕಿಸಿದೆ. ಆದರೆ ಬಚ್ಚಲಲ್ಲಿ ಬಿದ್ದವರ ಕೈಗೆ ಫೋನು ಸಿಗಬೇಕಲ್ಲ. ಒಳಗಿನಿಂದ ಚಿಲಕ ಹಾಕಿದ್ದರೆ ಆಂಬುಲೆನ್ಸಿನವರೂ ಬಾಗಿಲು ಒಡೆಯಬೇಕು. ಅದಕ್ಕೇ ಹಗಲು ಚಿಲಕ ಬೇಡ, ಬೀಗ ಮಾತ್ರ ಇರಲಿ ಎಂದೂ ಹೇಳಿದ್ದೆ. ಇನ್ನೂ ಒಂದು ಕಾರಣವಿದೆ, ಸಹೋದ್ಯೋಗಿ ಒಪ್ಪದಿದ್ದರೂ ಇದೆ: ಬರೀ ಕ್ಷಮೆ ಕೇಳಿ ಹಿಂತಿರುಗಿದವರು ಮತ್ತೆ ಬಾಗಿಲು ಹಾಕಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಕೀಲಿ ಕೊಟ್ಟವರಿಗೆ ಅದು ಅಷ್ಟು ಸುಲಭವಲ್ಲ. ಹಾಗಂತ ಎದುರು ಮನೆಯಾಕೆ ಬೇಡ ಅನ್ನಬಹುದು, ಆ ಹಕ್ಕು ಅವಳಿಗಿದೆ ಎಂದೂ ಎಚ್ಚರಿಸಿದ್ದೆ.

ಹದಿನೈದು ದಿನ ಬಿಟ್ಟು ಬಂದರು. ಸೀರೆ ಉಟ್ಟಿದ್ದರು, ನೆರಿಗೆ ಯಾರೋ ಚೆನ್ನಾಗಿ ಹಿಡಿದಿದ್ದರು.

“ಹೇಳಿದ್ರಾ?”

“ಹೇಳ್ದೆ. ‘ಗೊತ್ತು ಆಂಟಿ, ಅವತ್ತು ಮೆಟ್ಟಿಲ ಹತ್ರ ಮಾತಾಡಿದ್ದು ಒಳಗೆ ಕೇಳಿಸ್ತಿತ್ತು’ ಅಂದ್ಲು. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಡಬ್ಬಿಗಳನ್ನ ಎಣಿಸಿ, ಒಂದರ ಮುಚ್ಚಳ ಎಲ್ಲಿ ಅಂತ ಕೇಳಿದ್ಲು.”

“ಕೀಲಿ?”

“ತಗೊಂಡ್ಲು. ಮುಚ್ಚಳ ಇನ್ನೂ ಸಿಕ್ಕಿಲ್ಲ.”