ಕಾಲು ಮೇಲೇಳುತ್ತಿಲ್ಲ ಮೇಡಂ
(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ 19 ವರ್ಷ. ಟೇಕ್ವಾಂಡೋ ಆಡುತ್ತಾಳೆ. ಕುರ್ಚಿಯಲ್ಲಿ ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಿದ್ದಳು.

“ಮೇಡಂ, ನನ್ನ ಮೈಯೇ ಬಿರುಸು. ನಾಲ್ಕು ತಿಂಗಳಿಂದ ದಿನಾ ಯೋಗ ಮಾಡ್ತಿದ್ದೀನಿ. ಆದ್ರೂ ತಲೆ ಎತ್ತರಕ್ಕೆ ಕಾಲು ಹೋಗಲ್ಲ.”

ಈ ಆಟದಲ್ಲಿ ಮೈಕವಚಕ್ಕೆ ಒದ್ದರೆ 2 ಅಂಕ, ತಲೆಗೆ ಒದ್ದರೆ 3. ಹಾಗಾಗಿ ಆಕೆಯ ಆಸೆ ಸುಮ್ನೆ ಹಟವಲ್ಲ. ಜೊತೆಗಾತಿ ಒಂದು ಕಾಲು ಮುಂದೆ, ಒಂದು ಹಿಂದೆ ಪೂರ್ತಿ ಚಾಚಿ ನೆಲಕ್ಕೆ ಕೂರುವ ಹನುಮಾನಾಸನಕ್ಕೆ ಸಲೀಸಾಗಿ ಇಳಿಯುತ್ತಾಳಂತೆ. ಅದನ್ನು ಹೇಳುವಾಗ ಕಣ್ಣು ತುಂಬಿತು.

ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಕಿಕ್ ಅಭ್ಯಾಸಕ್ಕೆ ಮುಂಚೆ ಐದು ನಿಮಿಷ ಪಶ್ಚಿಮೋತ್ತಾನಾಸನ, ಅಂದರೆ ಕಾಲು ಚಾಚಿ ಕೂತು ಮುಂದೆ ಬಾಗುವುದು. ಕೋಚ್ ಹೇಳಿದಂತೆ ಒಬ್ಬರು ಬೆನ್ನು ಒತ್ತುತ್ತಾರೆ. ಆಕೆ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುತ್ತಾಳೆ. ಈಗ ಕೂತರೆ ಕುಂಡಿಯ ಮೂಳೆ ಹತ್ತಿರ ನೋವು.

ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದೆ. ನೋವಿಗೆ ಸಲಹೆ ಕೊಡುವುದು ನನ್ನ ಕೆಲಸವಲ್ಲ. ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟುವ ಜಾಗ ಕೆರಳಿತ್ತು. ಅದನ್ನು ಎಳೆದಷ್ಟೂ ನೋವು ಜಾಸ್ತಿ. ಮುಂದೆ ಬಾಗುವ ಆಸನಗಳನ್ನು ಸದ್ಯಕ್ಕೆ ಬಿಡಿಸಿದರು.

ಎರಡನೇ ಭೇಟಿಯಲ್ಲಿ ಆಕೆಯೇ ಒಂದು ವಿಷಯ ಹೇಳಿದಳು. ನೋವಿಲ್ಲದ ಕಾಲನ್ನು ಫಿಸಿಯೋ ಕೈಯಿಂದ ಪಕ್ಕಕ್ಕೆ ಎತ್ತಿದರೆ ಭುಜದ ಮಟ್ಟ ಮುಟ್ಟುತ್ತದೆ. ಆಕೆ ತಾನೇ ಎತ್ತಿದರೆ ಸೊಂಟದ ಹತ್ತಿರವೇ ನಿಲ್ಲುತ್ತದೆ.

“ಹಾಗಾದ್ರೆ ಮೈ ಬಿರುಸಾಗಿಲ್ಲ, ಅಲ್ವಾ?” ಎಂದೆ. ಯೋಗ ಜಾಗ ಮಾಡಿಕೊಟ್ಟಿದೆ. ಆ ಎತ್ತರದಲ್ಲಿ ಕಾಲು ನಿಲ್ಲಿಸುವ ಬಲ ಇನ್ನೂ ಬರಬೇಕು. ಆಕೆ ತುಂಬಾ ಹೊತ್ತು ಮಾತಾಡಲಿಲ್ಲ. ನಾಲ್ಕು ತಿಂಗಳು ತನ್ನನ್ನೇ ಬೈದುಕೊಂಡಿದ್ದಳು ಪಾಪ.

ಫಿಸಿಯೋ ಜೊತೆ ಮಾತಾಡಿ ಹೀಗೆ ಹೇಳಿದೆ. ಅಭ್ಯಾಸಕ್ಕೆ ಮುಂಚೆ ಕಾಲು ಬೀಸುವಂಥ ಚಲನೆ ಸಾಕು. ಹೊತ್ತುಗಟ್ಟಲೆ ಒಂದೇ ಭಂಗಿ ಹಿಡಿದು ತಕ್ಷಣ ಒದೆಯಲು ಹೋದರೆ ಸ್ನಾಯುವಿನ ಚಿಮ್ಮುವ ಬಲ ಸ್ವಲ್ಪ ಹೊತ್ತು ತಗ್ಗುತ್ತದೆ. ಆಸನಗಳನ್ನು ಅಭ್ಯಾಸ ಮುಗಿದ ಮೇಲೆ ಮಾಡಿ. ಉಸಿರು ಸರಾಗವಾಗಿರುವಲ್ಲೇ ನಿಲ್ಲಿ, 30 ಸೆಕೆಂಡು ಸಾಕು. ನೋವು ಹೋದ ಮೇಲೆ, ಫಿಸಿಯೋ ಒಪ್ಪಿದರೆ, ಉತ್ಥಿತ ಹಸ್ತ ಪಾದಾಂಗುಷ್ಠಾಸನದಲ್ಲಿ (ಒಂಟಿ ಕಾಲಲ್ಲಿ ನಿಂತು, ಎತ್ತಿದ ಕಾಲಿನ ಹೆಬ್ಬೆರಳು ಹಿಡಿಯುವ ಆಸನ) ಕೈ ಬಿಟ್ಟು ಕಾಲನ್ನು ಎರಡು ಉಸಿರು ಅಲ್ಲೇ ಹಿಡಿಯಿರಿ. ಬಲ ಬೆಳೆಯುವುದು ಅಲ್ಲಿ.

ಜೊತೆಗಾತಿಯ ಮಾತೂ ಬಂತು. ಸೊಂಟದ ಕೀಲಿನ ಮೂಳೆ ಎಲ್ಲರಿಗೂ ಒಂದೇ ಆಕಾರದಲ್ಲಿ ಇರುವುದಿಲ್ಲ. ಅವಳು ಇಳಿಯುವಷ್ಟು ಇವಳು ಇಳಿಯಲೇಬೇಕು ಅಂತಿಲ್ಲ. ಇದನ್ನು ಆಕೆ ಪೂರ್ತಿ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಬೆನ್ನು ಒತ್ತಿಸಬೇಡಿ ಎಂದು ಕೋಚ್‌ಗೆ ಹೇಳಲು ಆಕೆಗೆ ಭಯ. ನನ್ನೆದುರೇ ಆ ಮಾತನ್ನು ಅಭ್ಯಾಸ ಮಾಡಿದಳು. ಮೊದಲ ಸಲ ಗಂಟಲು ಕಟ್ಟಿತು. ಮೂರನೇ ಸಲ ಸ್ಪಷ್ಟವಾಗಿ ಹೇಳಿದಳು: “ಸರ್, ನನಗೆ ಅಲ್ಲಿ ನೋವಾಗುತ್ತೆ. ಒತ್ತಿಸಬೇಡಿ.”