ಮಗುವಿನ ಹೆಸರು ಬಿಟ್ಟು ಊರು, ಶಾಲೆ ಬರೆಯಬಹುದಾ?

ಸಿಂದಗಿ ಕಡೆಯಿಂದ ಸುದ್ದಿ ಕಳಿಸುವ ಹೊಸ ವರದಿಗಾರರೊಬ್ಬರು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಕೇಸಿನ ಬಗ್ಗೆ ಹೀಗೆ ಕೇಳಿದ್ದಾರೆ.

ಬೇಡ. 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಹೆಸರು, ಫೋಟೊ, ವಿಳಾಸ, ಮನೆಯವರ ವಿವರ, ಶಾಲೆ, ಓಣಿ, ಗುರುತು ಸಿಗುವ ಯಾವುದನ್ನೂ ಹಾಕುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ‘ಹನುಮಪ್ಪನ ಗುಡಿ ಹಿಂದಿನ ಕಿರಾಣಿ ಅಂಗಡಿಯವರ ಮಗಳು, ಏಳನೇ ಕ್ಲಾಸು’ ಅಂದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಅಲ್ವಾ? ಆರೋಪಿ ಸಂಬಂಧಿಕನಾಗಿದ್ದರೆ ಅವನ ಹೆಸರಿನಿಂದಲೂ ಮಗು ಯಾರೆಂದು ತಿಳಿದುಬಿಡುತ್ತದೆ. ಇದನ್ನು ದಯವಿಟ್ಟು ಮರೆಯಬೇಡಿ.

ತಪ್ಪಿದರೆ 6 ತಿಂಗಳಿಂದ 1 ವರ್ಷ ಜೈಲು, ದಂಡ ಅಥವಾ ಎರಡೂ. ಪ್ರಕಾಶಕರು, ಮಾಲೀಕರೂ ಹೊಣೆ. ನಾನಾದರೆ ‘ಜಿಲ್ಲೆಯ ಒಂದು ಹಳ್ಳಿ’ ಅಂತಷ್ಟೇ ಬರೆಯುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ದೂರಿನ ಪ್ರತಿಯನ್ನು ಸುಮ್ನೆ ಯಾರಿಗೂ ಕಳಿಸಬೇಡಿ.