ಮಳೆಗಾಲದಲ್ಲಿ ಗಿನಿಪಿಗ್ ಹುಲ್ಲಿಗೆ ಮುಗ್ಗು ವಾಸನೆ ಬಂದರೆ

ಪ್ರಶ್ನೆ: ಆನ್‌ಲೈನ್‌ನಲ್ಲಿ ತರಿಸಿದ ಟಿಮೊಥಿ ಹುಲ್ಲನ್ನು ಬಟ್ಟೆ ಚೀಲದಲ್ಲಿ ಇಟ್ಟಿದ್ದೆವು. ಮಳೆ ಹಿಡಿದ ಮೇಲೆ ಮುಗ್ಗು ವಾಸನೆ ಬರುತ್ತಿದೆ. ಒಣಗಿಸಿ ಗಿನಿಪಿಗ್‌ಗೆ ಕೊಡಬಹುದೆ? ಅಥವಾ ಮನೆಯ ಭತ್ತದ ಹುಲ್ಲು ಸಾಕೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಕೊಡಬೇಡಿ. ಬಿಸಿಲಿಗೆ ನೀರಿನಂಶ ಹೋಗುತ್ತದೆ. ಬೂಷ್ಟಿನ ಬೀಜಾಣು, ಅದು ಬಿಟ್ಟ ವಿಷ ಎರಡೂ ಹುಲ್ಲಿನಲ್ಲೇ ಉಳಿಯುತ್ತವೆ. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಒಳಗೇ ಉಳಿಯುತ್ತದೆ. ಉಸಿರಾಟವೂ ಮೂಗಿನಿಂದಲೇ, ದಿನವಿಡೀ ಹುಲ್ಲಿನಲ್ಲಿ ಮುಖ ಹುದುಗಿಸಿ ಇರುವ ಪ್ರಾಣಿ ಅದು. ಆ ಚೀಲ ಪೂರ್ತಿ ಗೊಬ್ಬರದ ಗುಂಡಿಗೆ ಹೋಗಲಿ. ಮೇಲಿನದು ತೆಗೆದು ಕೆಳಗಿನದು ಉಳಿಸುವ ಲೆಕ್ಕಾಚಾರ ಬೇಡ.

ಹುಲ್ಲನ್ನು ಗಾಳಿಯಾಡುವ ಚೀಲದಲ್ಲಿ ಇಡಿ ಎಂಬ ಸಲಹೆ ಒಣಹವೆಯ ಊರಿಗೆ ಸರಿ. ಮಲೆನಾಡಿನ ಆಷಾಢದಲ್ಲಿ ಬಟ್ಟೆ ಚೀಲದ ಹುಲ್ಲು ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ನೀರಿನಂಶ ಶೇ 15ರ ಒಳಗಿದ್ದರೆ ಹುಲ್ಲು ಕೆಡುವುದಿಲ್ಲ. ಶೇ 20ಕ್ಕೆ ಹೋದರೆ ಬೂಷ್ಟು ಹಿಡಿಯುವ ಸಾಧ್ಯತೆ ಹೆಚ್ಚು. ಹಾಗಾಗಿ ನಿಮ್ಮಲ್ಲಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬವೇ ಸರಿ, ಆದರೆ ಒಳಗೆ ಹೋಗುವ ಹುಲ್ಲು ಚೆನ್ನಾಗಿ ಒಣಗಿರಬೇಕು. ಅದನ್ನು ಹೀಗೆ ನೋಡಿ: ಪುಡಿಯುಪ್ಪನ್ನು ಬಾಣಲೆಯಲ್ಲಿ ಬಿಸಿಮಾಡಿ ಆರಿಸಿ. ಒಣಗಿದ ಗಾಜಿನ ಜಾಡಿಗೆ ಒಂದಿಂಚಿನಷ್ಟು ಕತ್ತರಿಸಿದ ಒಂದು ಹಿಡಿ ಹುಲ್ಲು, ಎರಡು ಚಮಚ ಉಪ್ಪು ಹಾಕಿ ಮುಚ್ಚಿ ಎರಡು–ಮೂರು ನಿಮಿಷ ಕುಲುಕಿ. ಉಪ್ಪು ಉದುರುದುರಾಗಿದ್ದರೆ ಡಬ್ಬಕ್ಕೆ ತುಂಬಿ. ಗಾಜಿಗೆ ಮೆತ್ತಿಕೊಂಡರೆ, ಗಂಟು ಕಟ್ಟಿದರೆ ಇನ್ನೂ ಹಸಿ. ಉಪ್ಪು ಹತ್ತಿದ ಆ ಹಿಡಿಯನ್ನು ಎಸೆಯಿರಿ. ಮೂರು–ನಾಲ್ಕು ದಿನಕ್ಕೆ ಆಗುವಷ್ಟನ್ನು ಬೇರೆ ಬೇರೆ ಸಣ್ಣ ಡಬ್ಬಗಳಲ್ಲಿಟ್ಟು ಒಂದೊಂದನ್ನೇ ತೆರೆಯಿರಿ. ಹೊಗೆ ಅಟ್ಟದಲ್ಲಿ ಮಾತ್ರ ಇಡಬೇಡಿ, ಹೊಗೆ ಗಿನಿಪಿಗ್‌ನ ಶ್ವಾಸಕೋಶಕ್ಕೆ ಆಗದು.

ಕೊಳ್ಳುವಾಗ ಹಸಿರುಬಣ್ಣ, ತಾಜಾ ವಾಸನೆ ನೋಡಿ. ಒಂದು ಹಿಡಿಯನ್ನು ಬಿಳಿ ಕಾಗದದ ಮೇಲೆ ಕೊಡವಿ. ಬೂದು ಧೂಳು ಬಿದ್ದರೆ, ಎಸಳುಗಳು ಅಂಟಿಕೊಂಡು ಗಟ್ಟಿ ಉಂಡೆಯಾಗಿದ್ದರೆ ಬೇಡ. ಕಾಂಗ್ರೆಸ್ ಗಿಡದ ಒಣಕಡ್ಡಿ, ಚೂಪಾದ ಮುಳ್ಳುಬೀಜ ಇವೆಯೇ ಎಂದೂ ಹುಡುಕಿ. ಮುಳ್ಳುಬೀಜ ಕಣ್ಣಿಗೆ, ಒಸಡಿಗೆ ಚುಚ್ಚಿಕೊಳ್ಳುತ್ತದೆ.

ಭತ್ತದ ಹುಲ್ಲು ಹಾಸಿಗೆಗೆ ಇರಲಿ, ಆಹಾರಕ್ಕಲ್ಲ. ಅದರಲ್ಲಿ ಪ್ರೋಟೀನ್ ಶೇ 4ರ ಆಸುಪಾಸು, ಸಿಲಿಕಾ ಮತ್ತು ಆಕ್ಸಲೇಟ್ ಜಾಸ್ತಿ. ಕುದುರೆಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಟಿಮೊಥಿಗಿಂತ ಎರಡು–ಮೂರು ಪಟ್ಟು. ಆರು ತಿಂಗಳೊಳಗಿನ ಮರಿಗೆ, ಗಬ್ಬದ ಹೆಣ್ಣಿಗೆ ಸರಿ. ದೊಡ್ಡದಕ್ಕೆ ದಿನವೂ ಹಾಕಿದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಟಿಮೊಥಿ ಸಿಗದ ವಾರಗಳಲ್ಲಿ ನಿಮ್ಮ ಅಂಗಳದ ಗರಿಕೆಯೇ ಒಳ್ಳೆಯದು. ಔಷಧಿ ಹೊಡೆಯದ, ನಾಯಿ ಓಡಾಡದ ಜಾಗದ್ದು ಕೊಯ್ದು, ತೊಳೆದು, ನೀರು ಸೋರಿಸಿ ಒರೆಸಿ ಕೊಡಿ. ಮೊದಲ ದಿನ ಒಂದು ಹಿಡಿಯಿಂದ ಶುರುಮಾಡಿ ವಾರ–ಹತ್ತು ದಿನದಲ್ಲಿ ಏರಿಸಿ. ಒಮ್ಮೆಲೇ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ. ಯಂತ್ರದಲ್ಲಿ ಕತ್ತರಿಸಿ ರಾಶಿಹಾಕಿದ ಹುಲ್ಲು ಬೇಗ ಬಿಸಿಯಾಗಿ ಹುಳಿಯುತ್ತದೆ, ಅದನ್ನು ಮುಟ್ಟಬೇಡಿ. ಒಣಹುಲ್ಲಿನಲ್ಲಿ ವಿಟಮಿನ್ ಸಿ ಇಲ್ಲವೆಂದೇ ಲೆಕ್ಕ. ಗಿನಿಪಿಗ್ ಅದನ್ನು ದೇಹದಲ್ಲಿ ತಯಾರಿಸಲಾರದು, ಆದ್ದರಿಂದ ದಿನಕ್ಕೊಂದು ದೊಡ್ಡ ಹೋಳು ದೊಣ್ಣೆಮೆಣಸಿನಕಾಯಿ ತಪ್ಪಿಸಬೇಡಿ.

ಕೆಟ್ಟ ಹುಲ್ಲನ್ನು ಈಗಾಗಲೇ ತಿಂದಿದ್ದರೆ ಹಿಕ್ಕೆ ಗಮನಿಸಿ. ಅದು ಸಣ್ಣದಾದರೆ, ನಿಂತರೆ, ಮೂಗು ಸೋರಿದರೆ ಅಥವಾ ಅರ್ಧ ದಿನ ಏನೂ ತಿನ್ನದಿದ್ದರೆ ನಾಳೆಗೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಕುಡಿಸಬೇಡಿ. ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ, ವಿಷ ಉತ್ಪಾದಿಸುವಂಥವು ಆ ಜಾಗ ಹಿಡಿದು ಪ್ರಾಣವನ್ನೇ ತೆಗೆಯಬಹುದು.